ಹಳೆಯ ನಾಣ್ಯಗಳಿಗೆ ಹುಣಸೆಹಣ್ಣು ತೋರಿಸದಿರುವ ಬಗ್ಗೆ

ಕಿಲುಬು ಸಂರಕ್ಷಣಾ ವಿಭಾಗ
ಸೋಲಾಪುರ–ಅಕ್ಕಲಕೋಟೆ ವಲಯ

ಕ್ರಮಾಂಕ: ಕಿಸಂವಿ/ಹುಣಸೆ/೪೧/೨೦೨೪-೨೫
ದಿನಾಂಕ: ೧೮-೧೧-೨೦೨೪, ಕಾರ್ತಿಕ ಸೋಮವಾರ

ಸುತ್ತೋಲೆ

ವಿಷಯ: ಸಂಗ್ರಹಯೋಗ್ಯ ನಾಣ್ಯಗಳನ್ನು ತಿಕ್ಕುವುದು, ತೊಳೆಯುವುದು, ಬೆಳಗುವುದು ಹಾಗೂ ಮಮತೆಯಿಂದ ಊದಿ ಸೆರಗಿನಿಂದ ಒರೆಸುವುದನ್ನು ನಿರ್ಬಂಧಿಸುವ ಮತ್ತು ತಿಕ್ಕಿದ ನಾಣ್ಯವನ್ನು ಗುರುತಿಸುವ ಕುರಿತು.

ಉಲ್ಲೇಖ:
೧. ಉಗುಳು ಹಚ್ಚಿ ಧೋತರಕ್ಕೆ ಉಜ್ಜುವುದನ್ನು ನಿಷೇಧಿಸಿದ ಈ ಕಚೇರಿಯ ಹಿಂದಿನ ಸುತ್ತೋಲೆ (ಯಾರೂ ಓದಿಲ್ಲ).
೨. ಕರಜಗಿಯ ಚಂದ್ರಭಾಗಾಬಾಯಿ ನಿಂಗಣ್ಣ ಅವರ ಹೇಳಿಕೆ (ಮೂರು ಪುಟ, ನಡುವೆ ಚಹಾ).
೩. ವಶಪಡಿಸಿಕೊಂಡ ಹುಣಸೆಹಣ್ಣಿನ ಉಂಡೆ, ಒಂದು (ಕಚೇರಿಯಲ್ಲಿ ಚಟ್ನಿಗೆ ಬಳಕೆಯಾದ್ದರಿಂದ ಲಗತ್ತಿಸಿಲ್ಲ).

ಪ್ರಸ್ತಾವನೆ:

ಕರಜಗಿಯ ರೈತರಾದ ಶಿವಶರಣಪ್ಪನವರು ತಮ್ಮ ಎಲೆಯಡಿಕೆ ಸಂಚಿಯಲ್ಲಿ ನಲವತ್ತು ಹಳೆಯ ನಾಣ್ಯಗಳನ್ನು ಬಿಟ್ಟು ಲಿಂಗೈಕ್ಯರಾಗಿರುವುದು ಈ ವಿಭಾಗದ ಗಮನಕ್ಕೆ ಬಂದಿದೆ. ರಾಣಿ ಛಾಪಿನವು, ಚಾರ್‌ಮಿನಾರ್ ಛಾಪಿನವು, ತಾಮ್ರದ ಢಬ್ಬು, ತೂತಿನ ದುಡ್ಡು, ಎಲ್ಲವೂ ಅದರಲ್ಲಿದ್ದವು. ಸಂಜೆ ದೀಪ ಹಚ್ಚಿದ ಮೇಲೆ ಹಿರಿಯರು ಒಂದೊಂದನ್ನೇ ಹೆಬ್ಬೆರಳಿನಿಂದ ಸವರಿ, ಒಂದೊಂದರ ಕಥೆ ಹೇಳುತ್ತಿದ್ದರು. ಸೊಸೆ ಚಂದ್ರಭಾಗಾಬಾಯಿ ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು. ರೊಟ್ಟಿ ಎಷ್ಟೋ ಸಲ ಹೊತ್ತಿದೆಯೆಂದು ದಾಖಲೆಯಿಂದ ಕಂಡುಬರುತ್ತದೆ.

ವಿಭಾಗವು ಈ ತಿಂಗಳು ಸೋಲಾಪುರದಲ್ಲಿ ಏರ್ಪಡಿಸಿದ ಪ್ರದರ್ಶನದಲ್ಲಿ, ಯಾರ ಕೈಯಿಂದಲೂ ತಿಕ್ಕಿಸಿಕೊಳ್ಳದ ಅತ್ಯುತ್ತಮ ನಾಣ್ಯವನ್ನು ಗಾಜಿನ ಪೆಟ್ಟಿಗೆ ಸಂಖ್ಯೆ ೧ರಲ್ಲಿಟ್ಟು, ಕೆಳಗೆ ಸಂಗ್ರಾಹಕರ ಹೆಸರಿನ ಚೀಟಿ ಇಡುವುದೆಂದು ನಿರ್ಣಯಿಸಲಾಗಿತ್ತು. ಶಿವಶರಣಪ್ಪನವರ ಮಗ ನಿಂಗಣ್ಣನವರು ತಂದೆಯ ಹೆಸರು ಆ ಪೆಟ್ಟಿಗೆಯಲ್ಲಿ ಕಾಣಬೇಕೆಂದು ದೇವರಿಗೆ ಬೇಡಿಕೊಂಡು, "ಕರಜಗಿಯ ಶಿವಶರಣಪ್ಪನವರ ನಾಣ್ಯ" ಎಂದು ಚೀಟಿಯನ್ನು ಮುಂಚಿತವಾಗಿಯೇ ಬರೆಸಿದ್ದರು.

ಹೊರಡುವ ದಿನ ಬೆಳಿಗ್ಗೆ, ನಿಂಗಣ್ಣನವರು ಸ್ನಾನಕ್ಕೆ ಹೋದ ಅವಧಿಯಲ್ಲಿ, ತಾಮ್ರಕ್ಕೆ ಹುಣಸೆಹಣ್ಣು-ಉಪ್ಪು, ಬೆಳ್ಳಿಗೆ ವಿಭೂತಿ, ಎರಡಕ್ಕೂ ತೆಂಗಿನ ನಾರು ಬಳಸಿ ನಲವತ್ತೂ ನಾಣ್ಯಗಳನ್ನು ಚಂದ್ರಭಾಗಾಬಾಯಿಯವರಿಂದ ಬೆಳಗಲಾಯಿತು. ಈ ಬಗ್ಗೆ ದಂಪತಿಗಳ ನಡುವೆ ನಡೆದ ವಿಚಾರ ವಿನಿಮಯವನ್ನು ಇದ್ದದ್ದು ಇದ್ದಂತೆಯೇ ದಾಖಲಿಸಲಾಗಿದೆ:

ನಿಂಗಣ್ಣ: "ಏ ಇಕಿ, ಏನ್ ಮಾಡಿಟ್ಟೀ! ನೂರು ವರ್ಷದ ಕಪ್ಪು ಒಂದ್ ಚಿಮಟಿ ವಿಭೂತ್ಯಾಗ ತಗದ್ಯಲ್ಲ!"

ಚಂದ್ರಭಾಗಾಬಾಯಿ: "ನೀವು ಜಳಕಾ ಮಾಡಿ ಹೊಂಟೀರಿಲ್ಲೋ? ಮಾವನವ್ರ ಹೆಸರ ಹೇಳಾವು, ಅವ್ಯಾಕ ಹೊಲಸ ಮಾರೀಲೆ ಬರಬೇಕು?"

ಅಕ್ಕಲಕೋಟೆಯಲ್ಲಿ ಎಸ್‌ಟಿ ಬಸ್ಸಿನ ಕಂಡಕ್ಟರರು ಸಂಚಿಯೊಳಗೆ ಇಣುಕಿ, "ಮಾವಶಿ, ಕಾರಖಾನ್ಯಾಗಿಂದ ಈಗ ಬಿದ್ದಾವೇನ್ರಿ ಈ ನಾಣೆ?" ಎಂದು ಕೇಳಿದ್ದಾರೆ. ಆಗ ನಿಂಗಣ್ಣನವರು ಕಿಟಕಿಯ ಕಡೆ ಮುಖ ತಿರುಗಿಸಿದವರು ಸೋಲಾಪುರದವರೆಗೆ ತಿರುಗಿಸಿಯೇ ಇದ್ದರು.

ವಿಭಾಗದ ಭೂತಗನ್ನಡಿಯಲ್ಲಿ ನಲವತ್ತೂ ನಾಣ್ಯಗಳ ಮೇಲೆ ನಾರಿನ ಗೀರುಗಳು ಕಂಡುಬಂದಿದ್ದರಿಂದ ನಲವತ್ತನ್ನೂ ತಿರಸ್ಕರಿಸಲಾಯಿತು. ನಿಂಗಣ್ಣನವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಟೊಪ್ಪಿಗೆಯೊಳಗೆ ಇಟ್ಟುಕೊಂಡದ್ದನ್ನು ವಿಭಾಗವು ಕಂಡಿದೆ; ಕಾಣದಂತೆ ಇದ್ದುಬಿಟ್ಟಿದೆ.

ಬಳಿಕ ಪೆಟ್ಟಿಗೆ ಸಂಖ್ಯೆ ೧ನ್ನು ಸೋಲಾಪುರದ ಚಾದರ ವ್ಯಾಪಾರಿ ಶೈಲೇಶ ಅವರ ಕಡುಕಪ್ಪು ರೂಪಾಯಿಗೆ ನೀಡಲು ಸಹಿ ಮಾಡುವ ಹಂತದಲ್ಲಿ, ಚಂದ್ರಭಾಗಾಬಾಯಿಯವರು ಅನುಮತಿಯಿಲ್ಲದೆ ಅದರತ್ತ ಬಗ್ಗಿ, ಮೂಸಿ ನೋಡಿ, ಈ ಕೆಳಗಿನಂತೆ ಹೇಳಿರುತ್ತಾರೆ:

"ಇದನ್ನ ತಿಕ್ಯಾರ್ರಿ ಸಾಹೇಬ್ರ. ತಿಕ್ಕಿ ಆಮ್ಯಾಲ ಕಾಡಗಿ ಹಚ್ಯಾರ. ಔಡಲೆಣ್ಣಿ ವಾಸನಿ ಹೊಡೀತೈತಿ. ಖರೇ ಕಪ್ಪು ಅಕ್ಷರದ ಸಂದ್ಯಾಗ ದಪ್ಪ ಇರ್ತದ, ಬಟ್ಟು ಆಡೂ ಕಡೆ ತೆಳ್ಳಗ ಇರ್ತದ. ಇದಕ್ಕ ಗ್ವಾಡಿಗೆ ಬಣ್ಣಾ ಬಳದಂಗ ಬಳದಾರ."

ಅವರ ಸೆರಗಿನ ತುದಿಯಿಂದ ಒಮ್ಮೆ ಒರೆಸಲಾಗಿ, ಸೆರಗು ಕಪ್ಪಾಯಿತು, ರೂಪಾಯಿ ಬೆಳ್ಳಗಾಯಿತು, ಶೈಲೇಶ ಅವರು ಕೆಂಪಗಾದರು. ಅವರ ಹೇಳಿಕೆ: "ನಮ್ಮವ್ವ ಲಕ್ಷ್ಮೀ ಪೂಜಾಕ್ಕ ತೊಳದ ಬಿಟ್ಲರಿ. ನಾ ಏನ್ ಮಾಡ್ಲಿ? ಅಕೀ ಕಾಡಗಿನ ಹಚ್ಚಿದೆ."

ಮೇಲ್ಕಂಡ ಸಂಗತಿಗಳ ಹಿನ್ನೆಲೆಯಲ್ಲಿ ಎಲ್ಲರಿಗೂ ಈ ಕೆಳಗಿನಂತೆ ಅಪ್ಪಣೆಯಾಗಿದೆ:

೧. ಹುಣಸೆಹಣ್ಣು, ನಿಂಬೆ, ಉಪ್ಪು, ಹಲ್ಲುಪುಡಿ, ವಿಭೂತಿ ಮತ್ತು ತೆಂಗಿನ ನಾರನ್ನು ನಾಣ್ಯದಿಂದ ಏಳು ಮೊಳ ದೂರದಲ್ಲಿ ಇಡತಕ್ಕದ್ದು. ಒಂದೇ ಬಸ್ಸಿನಲ್ಲಿ ಒಯ್ಯುವ ಪ್ರಸಂಗ ಬಂದಲ್ಲಿ ನಾಣ್ಯವು ಮುಂದಿನ ಸೀಟಿನಲ್ಲೂ ಹುಣಸೆಹಣ್ಣು ಹಿಂದಿನ ಸೀಟಿನಲ್ಲೂ ಕೂಡತಕ್ಕದ್ದು. ಇವೆರಡೂ ಮುಖಾಮುಖಿಯಾಗದಂತೆ ಕಂಡಕ್ಟರರು ನಡುವೆ ನಿಲ್ಲತಕ್ಕದ್ದು.

೨. ತಿಕ್ಕಿದ ನಾಣ್ಯದ ಲಕ್ಷಣಗಳು: ಬಯಲು ಭಾಗ ಹೊಳೆಯುವುದು, ಮೂಲೆಯಲ್ಲಿ ಬಿಳಿ ಪುಡಿ ಉಳಿದಿರುವುದು, ಗೀರುಗಳು ಒಂದೇ ದಿಕ್ಕಿಗೆ ಓಡುವುದು, ಮತ್ತು ಮನೆಯ ಯಜಮಾನರು ಮಾತು ಬಿಟ್ಟಿರುವುದು.

೩. ಲಕ್ಷ್ಮೀ ಪೂಜೆಯಲ್ಲಿ ಪಂಚಾಮೃತದ ಅಭಿಷೇಕವನ್ನು ನಾಣ್ಯದ ಫೋಟೋಕ್ಕೆ ಮಾಡತಕ್ಕದ್ದು. ಫೋಟೋ ಮೊಬೈಲಿನಲ್ಲಿದ್ದರೆ ಮೊಬೈಲಿನ ಹೊಣೆ ವಿಭಾಗದ್ದಲ್ಲ.

೪. ನಾಣ್ಯ ಸಂಗ್ರಾಹಕರ ಪ್ರತಿ ಮನೆಗೂ, ತಿಕ್ಕದೆ ಇರಲಾಗದವರ ಸಲುವಾಗಿ, ಚೆನ್ನಾಗಿ ಕಪ್ಪು ಹಿಡಿದ ಒಂದು ಹಿತ್ತಾಳೆ ತಂಬಿಗೆಯನ್ನು ಒದಗಿಸಲಾಗುವುದು. ಬೆಳಗಿದ ತಂಬಿಗೆಯನ್ನು ಹಿಂದಿರುಗಿಸಿ ಬೇರೊಂದು ಕಪ್ಪು ತಂಬಿಗೆಯನ್ನು ಪಡೆಯಬಹುದು. ತಂಬಿಗೆಗಳನ್ನು ಮತ್ತೆ ಕಪ್ಪಾಗಿಸಲು ಒಬ್ಬ ಗುಮಾಸ್ತರನ್ನು ನೇಮಿಸಲಾಗಿದೆ.

೫. ತಿಕ್ಕಿದ ನಾಣ್ಯವನ್ನು ಯಾರೂ ಹೀಯಾಳಿಸತಕ್ಕದ್ದಲ್ಲ. ಅಂಥವನ್ನು "ಜಳಕವಾದವು" ಎಂಬ ಪ್ರತ್ಯೇಕ ತಟ್ಟೆಯಲ್ಲಿ ಇಟ್ಟು, ಬೆಳಿಗ್ಗೆ ಒಮ್ಮೆ ಸಮಾಧಾನ ಹೇಳತಕ್ಕದ್ದು.

೬. ಕಾಡಿಗೆ ಹಚ್ಚಿ ಮೋಸ ಮಾಡಿದವರು ಈ ಕಚೇರಿಯ ಚಹಾ ಕಿಟಲಿಯನ್ನು ತಿಕ್ಕತಕ್ಕದ್ದು. ಕಿಟಲಿ ಹೊಸದಾಗಿದ್ದಾಗಿನ ಬಣ್ಣ ಯಾರಿಗೂ ನೆನಪಿಲ್ಲದ ಕಾರಣ, ಯಾವಾಗ ನಿಲ್ಲಿಸಬೇಕೆಂಬುದನ್ನು ಚಂದ್ರಭಾಗಾಬಾಯಿಯವರು ತೀರ್ಮಾನಿಸುವರು. ಶೈಲೇಶ ಅವರು ಗುರುವಾರದಿಂದ ತಿಕ್ಕುತ್ತಿದ್ದಾರೆ.

೭. ಸಾವಿರ ನಾಣ್ಯ ನೋಡಿದ ಕಣ್ಣಿಗಿಂತ ಸಾವಿರ ತಂಬಿಗೆ ತಿಕ್ಕಿದ ಕೈಗೆ ಹೆಚ್ಚು ತಿಳಿಯುತ್ತದೆಂದು ಮನಗಂಡು, ಸದರಿ ಚಂದ್ರಭಾಗಾಬಾಯಿಯವರನ್ನು ವಲಯದ ಮುಖ್ಯ ಪರೀಕ್ಷಕಿಯನ್ನಾಗಿ ನೇಮಿಸಲಾಗಿದೆ. ಕೆಲಸದ ವೇಳೆಯಲ್ಲಿ ಅವರ ಎರಡೂ ಕೈಗಳು ಬೆನ್ನ ಹಿಂದೆ ಇರತಕ್ಕದ್ದು.

೮. ಖರೇ ಕಪ್ಪು ಹೇಗಿರುತ್ತದೆಂದು ತೋರಿಸುವ ಸಲುವಾಗಿ ಪರೀಕ್ಷಕಿಯವರು ಸೊಂಟದ ಚೀಲದಿಂದ ಕುಂಕುಮದ ಡಬ್ಬಿ ತೆಗೆದು, ಅದರ ತಳದಿಂದ ಒಂದು ಚಾರ್‌ಮಿನಾರ್ ರೂಪಾಯಿಯನ್ನು ಹಾಜರುಪಡಿಸಿದರು. ಮದುವೆಯಾಗಿ ಮನೆ ತುಂಬಿದ ದಿನ ಮಾವನವರು, "ಇದನ್ನ ಡಬ್ಬ್ಯಾಗ ಇಡವ್ವಾ, ಹೊರಗ ತೆಗೀಬ್ಯಾಡ" ಎಂದು ಕೊಟ್ಟದ್ದು. ಮೂವತ್ತೊಂದು ವರ್ಷ ಅವರು ತೆಗೆದಿರಲಿಲ್ಲ. ಆದ್ದರಿಂದ ತಿಕ್ಕಿರಲೂ ಇಲ್ಲ. ಅದರ ಮೇಲೆ ಹಿರಿಯರ ಹೆಬ್ಬೆರಳು ಆಡಿದ ಜಾಗ ಮಾತ್ರ ತೆಳ್ಳಗಿದ್ದು, ಉಳಿದದ್ದೆಲ್ಲ ಕಪ್ಪಾಗಿರುವುದು ಕಂಡುಬಂತು. ಪರೀಕ್ಷಕಿಯವರು ಆ ಜಾಗವನ್ನು ನೋಡಿ, "ಅಯ್ಯ ಶಿವನ, ಉಳದ ನಲವತ್ತರಾಗ ನಾ ತಿಕ್ಕಿ ತಗದಿದ್ದು ಇದನ್ನ ಏನ್ರಿ?" ಎಂದು ಕೇಳಿದರು. ವಿಭಾಗವು ಅವರಿಗೆ ಕುರ್ಚಿಯೊಂದನ್ನು ಮಂಜೂರು ಮಾಡಿ ಚಹಾ ತರಿಸಿತು.

೯. ಆ ರೂಪಾಯಿಗೆ ಅಂಟಿದ ಕುಂಕುಮವು ಹೊಲಸೋ ಅಲ್ಲವೋ ಎಂಬ ಆಕ್ಷೇಪಣೆಯನ್ನು ಮೂರು ಚಹಾಗಳ ಕಾಲ ಚರ್ಚಿಸಿ, ಸಿದ್ಧರಾಮನ ಊರಾದ ಸೋಲಾಪುರದಲ್ಲಿ ಕುಳಿತು ಬೇರೆ ನಿರ್ಣಯ ಬರೆಯಲು ಕೈ ಏಳದ ಕಾರಣ, ಅದನ್ನು ಕಿಲುಬಿಗೆ ಸಮಾನವೆಂದು ಪರಿಗಣಿಸಲಾಗಿದೆ. ನಲವತ್ತೊಂದನೆಯ ನಾಣ್ಯಕ್ಕೆ ಪೆಟ್ಟಿಗೆ ಸಂಖ್ಯೆ ೧ನ್ನು ಮಂಜೂರು ಮಾಡಲಾಗಿದೆ. ಟೊಪ್ಪಿಗೆಯಿಂದ ಚೀಟಿಯನ್ನು ತೆಗೆಯಿಸಿ ಇಡಲಾಗಿದೆ. ಅದರ ನಾಲ್ಕು ಮಡಿಕೆಗಳನ್ನು ಇಸ್ತ್ರಿ ಮಾಡಲು ಕೋರಿ ಬಂದ ಅರ್ಜಿಯನ್ನು ಈ ಸುತ್ತೋಲೆಯ ಆಶಯದಂತೆ ತಿರಸ್ಕರಿಸಲಾಗಿದೆ.

೧೦. ಈ ಸುತ್ತೋಲೆಯನ್ನು ಕನ್ನಡ ಓದಲು ಬಾರದ ತರುಣರಿಗೆ ಹಿರಿಯರು ಓದಿ ಹೇಳತಕ್ಕದ್ದು. ಕಣ್ಣು ಮಂಜಾದ ಹಿರಿಯರಿಗೆ ತರುಣರು ಮೊಬೈಲಿನ ಬೆಳಕು ಹಿಡಿಯತಕ್ಕದ್ದು.

ಸಹಿ/-
ವಲಯಾಧಿಕಾರಿ
ಕಿಲುಬು ಸಂರಕ್ಷಣಾ ವಿಭಾಗ
(ಮೊಹರು ತೊಳೆದಿಟ್ಟಿದ್ದರಿಂದ ಮೂಡಿಲ್ಲ)

ಪ್ರತಿಗಳು:
೧. ಶೈಲೇಶ ಅವರ ತಾಯಿ ಮುಕ್ತಾಬಾಯಿಯವರಿಗೆ, ಮುಂದಿನ ದೀಪಾವಳಿಯ ಒಳಗಾಗಿ ಓದಲು.
೨. ಎಸ್‌ಟಿ ಕಂಡಕ್ಟರರಿಗೆ, ನಡುವೆ ನಿಲ್ಲುವ ಬಗ್ಗೆ.
೩. ಕರಜಗಿಯ ಹುಣಸೆಮರಕ್ಕೆ, ಬೊಡ್ಡೆಗೆ ಅಂಟಿಸಲು.
೪. ನಿಂಗಣ್ಣನವರಿಗೆ, ಹೆಂಡತಿಯೊಡನೆ ಮಾತು ಪುನರಾರಂಭಿಸುವ ಕೋರಿಕೆಯೊಂದಿಗೆ (ಹಿಂದಿರುಗುವ ಬಸ್ಸಿನಲ್ಲಿ ಅಕ್ಕಲಕೋಟೆ ಬರುವ ಮೊದಲೇ ಜಾರಿಯಾಗಿದೆ).
೫. ಕಚೇರಿ ಕಡತಕ್ಕೆ. ಧೂಳು ಕೊಡವತಕ್ಕದ್ದಲ್ಲ.
೬. ಮುಖ್ಯ ಪರೀಕ್ಷಕಿ ಚಂದ್ರಭಾಗಾಬಾಯಿಯವರಿಗೆ. ಮಾವನವರ ಹೆಸರು ಚೊಲೋ ಕಾಣಲೆಂದು ಅವರು ಮಾಡಿಕೊಂಡ ಮನವಿಯ ಮೇರೆಗೆ, ಪೆಟ್ಟಿಗೆ ಸಂಖ್ಯೆ ೧ರ ಗಾಜನ್ನು, ಹೊರಗಿನಿಂದ ಮಾತ್ರ, ದಿನಕ್ಕೊಮ್ಮೆ ಸೆರಗಿನಿಂದ ಒರೆಸಲು ಅನುಮತಿ ನೀಡಲಾಗಿದೆ.