ಕಂಪ್ಯೂಟರಿಗೆ ಮರಗಸಿ

ಕೊಡುವುದರಲ್ಲಿ ನನಗೆ ಹದ ತಿಳಿಯದು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ನೀರೆರೆದ ಗುಲಾಬಿ ಕೊಳೆತಿದೆ. ನಾನು ಅನ್ನ ಹಾಕಿದ ನಾಯಿ ಎದುರಿಗೆ ಬೆಕ್ಕು ಬಂದರೂ ಏಳುವುದಿಲ್ಲ. "ನಿಮ್ಮ ಕೈಗೆ ಸೌಟು ಕೊಡಬಾರದು" ಎನ್ನುವುದು ಹೆಂಡತಿಯ ತೀರ್ಪು. ಅಂಥ ಕೈಗೆ ಮೂಡಿಗೆರೆಯಲ್ಲಿ ಕಾಫಿಬೀಜ ಹಸನು ಮಾಡುವ ಕ್ಯೂರಿಂಗ್ ಕಚೇರಿಯೊಂದರ ಸಾಹುಕಾರರು ತಮ್ಮ ಕಂಪ್ಯೂಟರನ್ನು ಒಪ್ಪಿಸಿದ್ದಾರೆ.

ಬೆಳೆಗಾರರು ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿ ತಂದ ಪಾರ್ಚ್‌ಮೆಂಟ್ ಕಾಫಿಯ ವಿವರವೆಲ್ಲ ಇರುವುದು ಅದರ ಡೇಟಾಬೇಸಿನಲ್ಲಿ. ಒಂದು ಹೆಸರು ಹುಡುಕಲು ಹೇಳಿದರೆ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಯೋಚಿಸುತ್ತಿತ್ತು. ಜಾವಳಿಯ ಹಿರಿಯ ಬೆಳೆಗಾರ ಚಂದ್ರೇಗೌಡರು, ಕಾಯುವವರಿಗೆ ಕಚೇರಿ ಕೊಡುವ ಆ ಲೋಟದ ಖಾಯಂ ಗಿರಾಕಿ. "ಈ ಸೀಸನ್ನಲ್ಲಿ ಸರಿಯಾಗ್ದಿದ್ರೆ ಹಳೇ ರಿಜಿಸ್ಟರೇ ಗತಿ. ಆಮೇಲೆ ನೀವ್ಯಾಕ್ರೀ?" ಎಂದರು ಸಾಹುಕಾರರು. ಡೇಟಾಬೇಸಿಗೆ ಮೆಮೊರಿ ಹೆಚ್ಚು ಕೊಟ್ಟರೆ ಚುರುಕಾಗುತ್ತದೆ ಎಂದು ಎಲ್ಲೋ ಓದಿದ್ದೆ. ಇದ್ದದ್ದನ್ನೆಲ್ಲ ಅದಕ್ಕೇ ಬರೆದುಕೊಟ್ಟೆ. ಮಿಕ್ಕ ಕೆಲಸಕ್ಕೆ ಏನೂ ಉಳಿಯದೆ ಕಂಪ್ಯೂಟರ್ ಕಲ್ಲಿನಂತೆ ಕೂತಿತು. ಹೊರಗೆ ಜೀಪುಗಳ ಸಾಲು.

ಗೌಡರು ಎರಡನೇ ಲೋಟ ಕೆಳಗಿಟ್ಟು, "ಎಂತ ಆಯ್ತು ಮಾರಾಯ?" ಎಂದರು. ಹೇಳಿದೆ. "ನೆರಳು ಬೇಕು ಅಂತ ತೋಟನೇ ಕತ್ಲೆ ಮಾಡ್ಕಂಡ್ರೆ ಕಾಫಿಗಿಡ ಬರೀ ಸೊಪ್ಪು ಕೊಡುತ್ತೆ. ಮರಗಸಿ ಮಾಡು, ನೆರಳಿನ ಮರ ಸವರು. ಒಂದೊಂದೇ ಕೊಂಬೆ ತೆಗ್ದು ನೋಡು, ಒಂದೇ ಸಲ ಬೋಳಿಸ್ಬೇಡ" ಎಂದರು. ಹಾಗೇ ಮಾಡಿದೆ. ಮೆಮೊರಿಯನ್ನು ಸ್ವಲ್ಪಸ್ವಲ್ಪವೇ ಇಳಿಸಿ ಹದ ಹಿಡಿದೆ. ಆಮೇಲೆ ಎಲ್ಲದರ ನಕಲು ತೆಗೆದಿಟ್ಟು ಡೇಟಾಬೇಸಿನ ಹೊಸ ಆವೃತ್ತಿಯನ್ನೂ ಹಾಕಿದೆ. ಈಗ ಹೆಸರು ಒತ್ತಿದರೆ ಸಾಕು, ವಿವರ ಹಾಜರು. ಸಾಹುಕಾರರು ನಕ್ಕರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಮುಂದಿನ ವಾರ ಗೌಡರು ಬಂದರು. ಅವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಅವರ ಕಾಫಿಯ ವಿವರದ ಚೀಟಿ ಕೈಗಿಟ್ಟೆ. "ಆಯ್ತಾ? ಇಷ್ಟೇಯಾ?" ಎಂದು ಚೀಟಿಯನ್ನು ತಿರುಗಿಸಿ ನೋಡಿದರು. "ಹಂಗಾರೆ ಹೊರಡ್ಲಾ?" ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಉಪಾಯ ಹೇಳಿಕೊಟ್ಟವರ ಕಾಫಿಗೇ ಕಲ್ಲು ಹಾಕಿದ್ದೆ.

"ಕೂತ್ಕೊಳ್ಳಿ ಗೌಡ್ರೇ, ಇನ್ನೊಂದು ವಿವರ ಬರ್ಬೇಕು" ಎಂದು ಪರದೆಯನ್ನು ನನ್ನತ್ತ ತಿರುಗಿಸಿಕೊಂಡೆ. ಕಾಫಿ ಬಂತು. ಗೌಡರು ಅರ್ಧ ಲೋಟ ಕುಡಿದು, ನನ್ನ ಮುಖವನ್ನೇ ನೋಡುತ್ತಾ, "ಮರಗಸಿ ಸ್ವಲ್ಪ ಜಾಸ್ತಿ ಆಯ್ತೇನೋ ಮಾರಾಯ" ಎಂದು ಕಣ್ಣು ಮಿಟುಕಿಸಿದರು. ಒಳಗಿನಿಂದ ಸಾಹುಕಾರರು, "ಏನ್ರೀ, ಕಂಪ್ಯೂಟರ್ ಮತ್ತೆ ನಿಧಾನವಾ?" ಎಂದು ಕೂಗಿದರು.

"ಇಲ್ಲ ಸಾರ್, ಅದು ಚೆನ್ನಾಗಿದೆ. ನಿಧಾನ ನಾನೇ" ಎಂದೆ. ಆ ಮಾತನ್ನು ಅವರು ಎರಡನೇ ಪ್ರಶ್ನೆಯಿಲ್ಲದೆ ನಂಬಿಬಿಟ್ಟರು.