ಕೊಲೆಂದ ಮೆಟ್ಟಿಲು ಹತ್ತಿದ ಬಗೆ

“ಶಿಲುಬೆ ಇಲ್ಲ, ಬಿಳಿ ಮೇಜುಬಟ್ಟೆ ಇಲ್ಲ, ತೀರ್ಥ ಇಲ್ಲ. ಪಾದ್ರಿ ಬಂದ್ರೆ ಏನಪ್ಪಾ ತೋರಿಸ್ತೀಯ, ಸೈಕಲ್ಲಾ?” ಪಕ್ಕದ ಮನೆಯ ಸಬೀನಾ ಸೊಂಟದ ಮೇಲೆ ಕೈಯಿಟ್ಟು ಕೇಳಿದರು.

ತಿಮೋನ್ ತಲೆ ಕೆರೆದುಕೊಂಡ. ಕ್ರಿಸ್‌ಮಸ್ ಮುಗಿದ ಮೇಲೆ ಪಾದ್ರಿ ಮನೆಮನೆಗೂ ಬರುವ ಕೊಲೆಂದಕ್ಕೆ ಅವನು ಇಷ್ಟು ವರ್ಷ ಬಾಗಿಲು ತೆರೆದವನೇ ಅಲ್ಲ. ದೀಪ ಆರಿಸಿ, ಸೋಫಾದ ಹಿಂದೆ ಕಳ್ಳಬೆಕ್ಕಿನಂತೆ ಕೂತಿರುತ್ತಿದ್ದ. ಈ ಸಲ ಹಾಗಾಗುವಂತಿಲ್ಲ. ಬರುವ ಭಾನುವಾರ ಅಕ್ಕನ ಮಗುವಿನ ಜ್ಞಾನಸ್ನಾನ. ಮಗುವನ್ನು ಎತ್ತಿಕೊಂಡು ಜ್ಞಾನತಂದೆಯಾಗಿ ತಮ್ಮನೇ ನಿಲ್ಲಬೇಕೆಂದು ಅವಳ ಹಟ. ‘ಇವನು ನಮ್ಮ ಚರ್ಚಿನವನೇ’ ಎಂದು ಪಾದ್ರಿ ಒಪ್ಪದಿದ್ದರೆ ಆ ಜಾಗ ಬಾವನ ತಮ್ಮನ ಪಾಲು. ಆಮೇಲೆ ಅಕ್ಕ ಜನ್ಮದಲ್ಲಿ ಮಾತಾಡಿಸುವವಳಲ್ಲ.

ಮುಖ ನೋಡಿ ಪಾದ್ರಿ ಗುರುತು ಹಿಡಿಯುತ್ತಾರೆಂಬ ಆಸೆಯಂತೂ ಅವನಿಗಿರಲಿಲ್ಲ. ಪಾಂಡಿತ್ಯದಿಂದಲಾದರೂ ಮೆಚ್ಚಿಸೋಣವೆಂದು, ಕೊಲೆಂದ ಅನ್ನುವ ಪದ ಎಲ್ಲಿಂದ ಬಂತೆಂದು ಓದಿಟ್ಟುಕೊಂಡಿದ್ದ. ಲ್ಯಾಟಿನ್ನಿನಲ್ಲಿ ಕಲೆಂಡೇ ಅಂದರೆ ತಿಂಗಳ ಮೊದಲ ದಿನ. ಹೊಸ ವರ್ಷದ ಆ ದಿನ ರೋಮಿನವರು ಉಡುಗೊರೆ ಹಿಡಿದು ಒಬ್ಬರ ಮನೆಗೊಬ್ಬರು ಹೋಗುತ್ತಿದ್ದರು. ಆ ಪದವೇ ನಡೆದೂ ನಡೆದೂ ಪೋಲೆಂಡಿನ ಈ ಲುಬ್ಲಿನ್ ಸೇರುವಷ್ಟರಲ್ಲಿ ಹಬ್ಬದ ಹಾಡೂ ಆಯಿತು, ಪಾದ್ರಿಯ ಭೇಟಿಯೂ ಆಯಿತು. ಕ್ಯಾಲೆಂಡರ್ ಅದರ ತಂಗಿ.

ಸಬೀನಾ ತಮ್ಮ ಮನೆಯ ಶಿಲುಬೆ, ಮೇಜುಬಟ್ಟೆ ತಂದುಕೊಟ್ಟರು. ಬಟ್ಟೆಗೆ ಇಸ್ತ್ರಿ ಹಾಕುವಾಗ ಅವರೆದುರೇ ತಾಲೀಮು ನಡೆಸಿದ. ಅವರು ಕಣ್ಣರಳಿಸಿ ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಉಪ್ಪು ತರುತ್ತೇನೆಂದು ಕೆಳಗಿಳಿದವರು ಬಹಳ ಹೊತ್ತು ಮೇಲೆ ಬರಲಿಲ್ಲ. ಅಷ್ಟರಲ್ಲಿ ಇವನು ಮೇಣದಬತ್ತಿ ಉರುಳಿಸಿ ಮೇಜುಬಟ್ಟೆಗೆ ತೂತು ಮಾಡಿ, ಅದರ ಮೇಲೆ ಅವರದೇ ಶಿಲುಬೆ ನಿಲ್ಲಿಸಿದ್ದಾಯಿತು.

ಬಾಗಿಲ ಗಂಟೆ ಸದ್ದಾಯಿತು. ದಢೂತಿ ಪಾದ್ರಿ ಹಿಯೆರೊನಿಮ್ ಏದುಸಿರು ಬಿಡುತ್ತ ಒಳಬಂದರು.

“ಫಾದರ್, ಈ ಕೊಲೆಂದ ಅನ್ನೋ ಮಾತಿದೆಯಲ್ಲ, ಅದು ಲ್ಯಾಟಿನ್ನಿನ…”

“ಕಲೆಂಡೇ,” ಎಂದು ಪಾದ್ರಿ ಕುರ್ಚಿಗೆ ಕುಸಿದರು. “ಎಲ್ಲಕ್ಕೂ ಕೆಳಗಿನ ಮನೇಲಿ ಹೇಳಿದ್ರು. ಅದರ ಮೇಲಿನ ಮನೇಲೂ ಹೇಳಿದ್ರು. ಮೂರನೇ ಮಹಡಿ ಕಿವುಡಜ್ಜ ಅಂತೂ ಕಿರುಚಿ ಕಿರುಚಿ ಹೇಳಿದ್ರು. ಸೆಮಿನರಿಯಲ್ಲೂ ನಂಗೆ ಇಷ್ಟು ಲ್ಯಾಟಿನ್ ಕುಡಿಸಿರಲಿಲ್ಲ ಮಗಾ. ನೀನು ಸುಮ್ನೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆ ಹೇಳಿಬಿಡು, ಎದ್ದು ಹೋಗ್ತೀನಿ.”

ತಿಮೋನ್ ಶುರು ಮಾಡಿದ. ‘ಅನುದಿನದ ಆಹಾರ’ ಅನ್ನುವ ಸಾಲಿನವರೆಗೆ ಸಲೀಸಾಗಿ ಬಂದ. ಅಲ್ಲಿಗೆ ತಲೆ, ಉಜ್ಜಿ ಬೋರಲು ಹಾಕಿದ ಬಾಣಲೆಯಂತೆ ಖಾಲಿಯಾಯಿತು.

“ನಮ್ಮ ತಪ್ಪುಗಳನ್ನು ಕ್ಷಮಿಸು,” ಅಂದಿತು ಗೋಡೆ, ಮೆಲ್ಲಗೆ, ಸಬೀನಾರ ದನಿಯಲ್ಲಿ.

ತಿಮೋನ್ ಹಾಗೇ ಅಂದ. ನಿಂತ. ಗೋಡೆ ಮುಂದಿನದನ್ನೂ ಒದಗಿಸಿತು. ಆಮೆನ್‌ವರೆಗೂ ಇಬ್ಬರೂ ಹೀಗೇ ಸಾಗಿದರು.

ಪಾದ್ರಿ ಗೋಡೆಯನ್ನೇ ನೋಡುತ್ತ ಕೇಳಿದರು: “ಭಾನುವಾರ ಮಗು ಎತ್ಕೊಳ್ಳೋದು ಯಾರು, ನೀನೋ, ಈ ಗೋಡೆಯೋ?”

“ಅಕ್ಕನಿಗೆ ಏನ್ ಹೇಳ್ಲಿ ಫಾದರ್?”

“ಬಾವನ ತಮ್ಮ ಇದಾನಂತಲ್ಲ. ಅದೂ ಕೆಳಗಡೆ ಹೇಳಿದ್ರು.”

ಗೋಡೆಯಾಚೆ ಯಾರೋ ಸೀನಿದರು. ಪಾದ್ರಿ ಕೈಯೆತ್ತಿ ಗೋಡೆಯನ್ನು ಆಶೀರ್ವದಿಸಿ, ಪಕ್ಕದ ಮನೆಯ ಗಂಟೆ ಒತ್ತಲು ಹೊರಟರು.