ಕೈಗುಣದ ಬಾಟಲಿ

ಎಲ್ಲ ಎಡವಟ್ಟಿಗೂ ಕಾರಣ ಹೆಬ್ಬೆರಳಿಗೆ ಹತ್ತಿದ್ದ ಗ್ರೀಸು. ಸೈಕಲ್ ರಿಪೇರಿಯವನು ಬೆಳಗ್ಗೆ ಅಂಗಡಿ ತೆರೆದು, ಒಂದು ಚೈನು ಬಿಚ್ಚಿಟ್ಟು, ಹಿಂದಿನ ಮನೆಯೊಳಗೆ ಹೋಗಿ ಫ್ರಿಜ್ಜಿನ ಮೂಲೆಯ ಬಾಟಲಿ ತೆಗೆದ. ಸಿಂಕಿನ ಬಳಿ ನಿಂತು, ದಿನಾ ಮಾಡುವಂತೆ ಮುಚ್ಚಳ ತಿರುಗಿಸಿ ಮೂಸಿದ. ಬಾಟಲಿ ಜಾರಿತು. ಅವನು ಕೈಯೊಡ್ಡುವಷ್ಟರಲ್ಲಿ ಒಳಗಿದ್ದದ್ದೆಲ್ಲ ಲೋಳೆಲೋಳೆಯಾಗಿ ಸಿಂಕಿನ ತೂತಿನೊಳಗೆ ಇಳಿದುಹೋಯಿತು.

ಅದು ಅವನ ಹೆಂಡತಿ ಸಾಯುವ ಮುಂಚೆ ಮಾಡಿಟ್ಟಿದ್ದ ಕೊನೆಯ ಅಗಸೆ ಬೀಜದ ಜೆಲ್. ಮಗಳ ಗುಂಗುರು ಕೂದಲಿಗೆ ಬಿಸಿಗಾಳಿ ಮಷಿನ್ನು ತಾಗಿಸಲು ಆಕೆ ಬಿಡುತ್ತಿರಲಿಲ್ಲ. ಒದ್ದೆ ಕೂದಲಿಗೆ ಇದನ್ನು ಸವರಿ, ಎಳೆಎಳೆಯಾಗಿ ಬೆರಳಿಗೆ ಸುತ್ತಿ ಬಿಟ್ಟರೆ, ಸುರುಳಿಗಳು ತಾವಾಗಿ ಒಣಗಿ ಸೀಟಿನ ಸ್ಪ್ರಿಂಗಿನಂತೆ ಕುಣಿಯುತ್ತಿದ್ದವು. ಆಕೆ ಹೋಗಿ ವರ್ಷವಾದರೂ ಜೆಲ್ ಕೆಟ್ಟಿರಲಿಲ್ಲ. "ಅವಳ ಕೈಗುಣ" ಎಂದು ಅವನು ಗಾಳಿ ಹೊಡೆಸಲು ಬಂದವರಿಗೂ ಹೇಳುತ್ತಿದ್ದ. ಇವತ್ತು ಸಂಜೆ ಸ್ಕೂಲಿನಲ್ಲಿ ಫೋಟೋ. ಅಮ್ಮನ ಜೆಲ್ಲನ್ನೇ ಹಚ್ಚಿ ನಿಲ್ಲಿಸುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಿದ್ದ. ಮಧ್ಯಾಹ್ನ ಅವಳು ಬರುವುದರೊಳಗೆ ಗುಟ್ಟಾಗಿ ಬಾಟಲಿ ತುಂಬಬೇಕಿತ್ತು.

ಗುಟ್ಟು ಎಲ್ಲಿಂದ ಬರಬೇಕು? ಅಗಸೆ ತಂದು ಒಲೆ ಹಚ್ಚುತ್ತಿದ್ದಂತೆ ಪಕ್ಕದ ಮನೆಯ ಮೇಷ್ಟ್ರು ಹಾಜರು.

"ಚೆನ್ನಾಗಿ ಕುದೀಬೇಕಪ್ಪ ಇದು."

ಅವನು ಮೇಷ್ಟ್ರ ತಲೆಯನ್ನೇ ನೋಡಿದ. ಹೊಸ ಸೈಕಲ್ ಬೆಲ್ಲಿನಷ್ಟು ನುಣುಪು.

"ತಲೆ ನೋಡ್ಬೇಡ, ಮಾತು ಕೇಳು," ಅಂದರು ಮೇಷ್ಟ್ರು.

ಕೇಳಿದ. ಅದು ಕುದಿದು ಕುದಿದು ಪಂಚರಿಗೆ ಹಚ್ಚುವ ಅಂಟಿನಂತಾಯಿತು. ಜರಡಿಗೆ ಸುರಿದರೆ ಒಂದು ಹನಿಯೂ ಇಳಿಯಲಿಲ್ಲ. ಮೇಷ್ಟ್ರು ಚಮಚ ಹಾಕಿ ಎಳೆದರು. ಎಳೆದಷ್ಟೂ ಉದ್ದವಾಗಿ, ಕೊನೆಗೆ ಪಟ್ಟನೆ ಕಿತ್ತು ಅವರ ಕನ್ನಡಕಕ್ಕೇ ಬಡಿಯಿತು.

"ಎತ್ತಿಡು. ಟೈರಿಗಾದ್ರೂ ಆಗುತ್ತೆ."

ಗದ್ದಲ ಕೇಳಿ ಮೇಲ್ಮನೆಯ ಅಕ್ಕ ಇಳಿದುಬಂದಳು. "ಬಿಸಿ ಇದ್ದಾಗ್ಲೇ ಸೋಸ್ಬೇಕು ತಮ್ಮಾ, ಹಳೇ ಕಾಲುಚೀಲದಲ್ಲಿ."

ಅವನು ಕಾಲುಚೀಲ ತಂದ.

"ಒಗ್ದಿರೋದು," ಅಂದಳು ಅಕ್ಕ, ಮೂಗು ಮುಚ್ಚಿ.

ಎರಡನೆಯ ಸಲ ಸರಿಯಾಗಿ ಇಳಿಯಿತು. "ಫ್ರಿಜ್ಜಲ್ಲಿಟ್ರೂ ಎರಡು ವಾರ ದಾಟಲ್ಲ, ಹಳಸತ್ತೆ," ಅಂದಳು.

"ನಮ್ಮವಳದು ವರ್ಷ ಇತ್ತಲ್ಲ ಅಕ್ಕ. ಕೈಗುಣ."

ಅಕ್ಕ ಏನೋ ಹೇಳಲು ಬಾಯಿ ತೆರೆದವಳು, ಸುಮ್ಮನೆ ಕಾಲುಚೀಲ ಹಿಂಡತೊಡಗಿದಳು.

ಪರೀಕ್ಷೆ ಯಾರ ಮೇಲೆ? ಮೇಷ್ಟ್ರಿಗೆ ಕೂದಲಿಲ್ಲ, ಅಕ್ಕನಿಗೆ ಧೈರ್ಯವಿಲ್ಲ. ಅವನು ತನ್ನ ಮೀಸೆಗೇ ಹಚ್ಚಿ ಬೆರಳಿಗೆ ಸುತ್ತಿ ಬಿಟ್ಟ. ಒಣಗಿದ ಮೇಲೆ ಅದು ಎರಡೂ ಕಡೆ ಸೈಕಲ್ ಹ್ಯಾಂಡಲಿನಂತೆ ಎದ್ದು ನಿಂತಿತು.

"ಬೆಲ್ಲೊಂದು ಕಮ್ಮಿ," ಅಂದರು ಮೇಷ್ಟ್ರು.

"ಅದಕ್ಕೆ ನೀವಿದ್ದೀರಲ್ಲ," ಅಂದಳು ಅಕ್ಕ.

ಅವರಿಬ್ಬರೂ ಹೋದ ಮೇಲೆ ಅವನು ಜೆಲ್ಲನ್ನು ಹಳೇ ಬಾಟಲಿಗೆ ತುಂಬಿ ಫ್ರಿಜ್ಜಿನ ಮೂಲೆಯಲ್ಲಿಟ್ಟ. ಅಷ್ಟರಲ್ಲಿ ಮಗಳು ಬಂದಳು. ತಲೆ ತೊಳೆದುಕೊಂಡು ಬಂದು, ಬಾಟಲಿ ತೆಗೆದು ಮೂಸಿದಳು.

"ಅಪ್ಪ, ಇದನ್ಯಾರು ಮಾಡಿದ್ದು?"

"ಅಮ್ಮ ಕಣೇ."

"ಅಲ್ಲ. ಅಮ್ಮನ ವಾಸನೆ ಇಲ್ಲ ಇದ್ರಲ್ಲಿ."

ಅವನು ತಲೆ ತಗ್ಗಿಸಿದ. "ಚೆಲ್ಲೋಯ್ತು ಪುಟ್ಟಿ. ಅವಳು ಮಾಡಿದ್ದು ಒಂದು ತೊಟ್ಟೂ ಉಳೀಲಿಲ್ಲ."

ಮಗಳು ಪಕ್ಕದಲ್ಲಿ ಬಂದು ಕೂತಳು. "ಅಮ್ಮ ಮಾಡಿದ್ದು ಹೋದ ವರ್ಷಾನೇ ಹಳಸೋಯ್ತಪ್ಪ. ನೀನು ದಿನಾ ಮೂಸ್ತಿದ್ದೆ ಅಂತ ನಾನೇ ಮೇಲ್ಮನೆ ಅತ್ತೆ ಹತ್ರ ಕಲ್ತು ಮಾಡಿ ತುಂಬಿಡ್ತಿದ್ದೆ."

ಅವನು ಬಾಟಲಿ ಇಸಿದುಕೊಂಡು ಮೂಸಿದ. "ಮತ್ತೆ ವಾಸನೆ? ಅವಳದೇ ಇತ್ತಲ್ಲೇ."

"ಅಮ್ಮನ ಪೌಡರ್ ಡಬ್ಬಿ ಇತ್ತಲ್ಲ. ಪ್ರತಿ ಸಲ ಒಂದು ಚಿಟಿಕೆ ಹಾಕ್ತಿದ್ದೆ."

ಅವನ ಮುಖ ಅರಳಿತು. ಜೆಲ್ ಅಂತೂ ಇದೆ, ಬಾಟಲಿಯೂ ಇದೆ. "ಹಾಗಾದ್ರೆ ತಗೊಂಬಾ ಆ ಡಬ್ಬಿ."

ಮಗಳು ಏಳಲಿಲ್ಲ. "ಕೊನೇ ಚಿಟಿಕೆ ಮೊನ್ನೆ ಹಾಕ್ದೆ ಅಪ್ಪ. ನೀನು ಚೆಲ್ಲಿದ್ದು ಅದನ್ನೇ."

ಅವನ ಮೀಸೆಯ ಒಂದು ತುದಿ ಕಣ್ಣೀರಿಗೆ ನೆನೆದು ಮೆಲ್ಲಗೆ ಕೆಳಗಿಳಿಯಿತು. ಇನ್ನೊಂದು ಹಾಗೇ ನೆಟ್ಟಗೆ ನಿಂತಿತ್ತು.